ಸೈಟಿಗೆ ಮುಂಗಡ ಕೊಡುವ ಮುನ್ನ ಏನನ್ನು ಯಾವುದರ ಜೊತೆ ತಾಳೆ ನೋಡಬೇಕು?

"ರಿಜಿಸ್ಟರ್ ಆಗುತ್ತೆ ಸಾರ್, ಇನ್ನೇನು ಭಯ?" ಊರಂಚಿನ ಲೇಔಟ್‌ಗಳಲ್ಲಿ ದಲ್ಲಾಳಿಗಳು ಆಡುವ ಈ ಮಾತನ್ನು ನಂಬಿ ಜೀವಮಾನದ ಉಳಿತಾಯ ಕಳೆದುಕೊಂಡವರಿದ್ದಾರೆ. ಉಪನೋಂದಣಾಧಿಕಾರಿ ಕ್ರಯಪತ್ರವನ್ನು ದಾಖಲಿಸುತ್ತಾರೆ, ಅಷ್ಟೆ. ಮಾರುವವನಿಗೆ ಮಾರುವ ಹಕ್ಕಿದೆಯೇ ಎಂದು ಮೂಲದಿಂದ ಶೋಧಿಸಬೇಕಾದವರು ಕೊಳ್ಳುವವರೇ. ಒಂದೊಂದು ಕಾಗದವನ್ನೂ ಬಿಡಿಯಾಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟಾಗಲೇ ಮೋಸ ಹೊರಬೀಳುವುದು.

ಮೊದಲು ಕೇಳಬೇಕಾದದ್ದು ಸೈಟ್ ನಂಬರ್ ಅಲ್ಲ, ಹಿಸ್ಸಾ (ಉಪವಿಭಾಗದ ಸಂಖ್ಯೆ) ಸಮೇತ ಸರ್ವೆ ನಂಬರ್. ಸ್ಥಳಕ್ಕೆ ಹೋಗಿ ನಿಂತು, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್ ತೆರೆಯಿರಿ. ಕಾಗದದಲ್ಲಿರುವ ಸರ್ವೆ ನಂಬರೇ ಅಲ್ಲೂ ಬರಬೇಕು. ಕೆರೆ, ರಾಜಕಾಲುವೆ, ಗೋಮಾಳ ಎಂದು ತೋರಿಸಿದರೆ ಮುಂದುವರಿಯಬೇಡಿ. ಗಡಿಯ ಹತ್ತಿರ ಆ್ಯಪ್ ಕೆಲವು ಮೀಟರ್ ತಪ್ಪಬಹುದು, ಆದ್ದರಿಂದ ಅಂತಿಮ ಅಳತೆಯನ್ನು ಸರ್ವೇಯರ್ ಕೈಯಲ್ಲೇ ಮಾಡಿಸಿ.

ಆಮೇಲೆ ಪಹಣಿ, ಅಂದರೆ ಆರ್‌ಟಿಸಿ. ಬಹಳ ಜನ 9ನೇ ಕಾಲಂನಲ್ಲಿ ಮಾಲೀಕರ ಹೆಸರು ನೋಡಿ ಸುಮ್ಮನಾಗುತ್ತಾರೆ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟೆಂದು ಬರೆದಿರುತ್ತದೆ. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಅದನ್ನು ಖಾತೆದಾರ ಮಾರುವಂತಿಲ್ಲ. ಒಂದು ಗುಂಟೆಗೆ 1089 ಚದರಡಿ. 2 ಎಕರೆಯಲ್ಲಿ 6 ಗುಂಟೆ ಬಿ ಖರಾಬಿದ್ದರೆ 6534 ಚದರಡಿ, ಅಂದರೆ 30x40 ಅಳತೆಯ ಐದು ಸೈಟಿಗೂ ಮಿಕ್ಕ ಜಾಗ. ಪೂರ್ತಿ 2 ಎಕರೆಗೂ ನಕ್ಷೆ ಹಾಕಿದ್ದರೆ ಕೆಲವು ಸೈಟುಗಳು ಸರ್ಕಾರಿ ಜಾಗದಲ್ಲಿರಬಹುದು. ನಿಮ್ಮದು ಅವುಗಳಲ್ಲಿ ಒಂದಲ್ಲ ಎಂಬುದನ್ನು ಗ್ರಾಮ ನಕ್ಷೆ ಮತ್ತು ಸರ್ವೆ ಸ್ಕೆಚ್ಚಿನಲ್ಲಿ ಖಚಿತಪಡಿಸಿಕೊಳ್ಳಿ.

10ನೇ ಕಾಲಂನಲ್ಲಿರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಹಿಡಿದು ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ನಕಲು ತೆಗೆಸಿ, ಹೆಸರು ಯಾರಿಂದ ಯಾರಿಗೆ ಬಂತೆಂದು ಹಿಂದಕ್ಕೆ ಹೋಗುತ್ತಾ ನೋಡಿ. ಎಲ್ಲಾದರೂ "ಮಂಜೂರು" (ಸರ್ಕಾರ ಕೊಟ್ಟ ಜಮೀನು) ಎಂಬ ಪದ ಕಂಡರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಅನೂರ್ಜಿತ. ಮಂಜೂರಾತಿ ಪಡೆದವರ ಕಡೆಯವರು ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ನಡುವೆ ನಾಲ್ಕು ಕೈ ಬದಲಾಗಿದೆ ಎಂಬುದು ರಕ್ಷಣೆಯಲ್ಲ. 11ನೇ ಕಾಲಂನಲ್ಲಿ ಸಾಲ, ತಡೆಯಾಜ್ಞೆಗಳ ನಮೂದು ಇರುತ್ತದೆ, ಓದದೆ ಬಿಡಬೇಡಿ.

ಋಣಭಾರ ಪತ್ರ, ಅಂದರೆ ಇಸಿಯಲ್ಲಿ ನಡೆಯುವ ಚಾಲಾಕಿತನ ಬೇರೆ. ವಹಿವಾಟುಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಎರಡು ವರ್ಷದ ಹಿಂದೆ ಹುಟ್ಟಿದ ಸೈಟ್ ನಂಬರ್ ಕೊಟ್ಟು 30 ವರ್ಷದ ಇಸಿ ಕೇಳಿದರೆ ನಮೂನೆ 16 ಬರದೆ ಇನ್ನೇನು? ಸೈಟಾಗುವ ಮುಂಚಿನ ವಹಿವಾಟೆಲ್ಲ ಸರ್ವೆ ನಂಬರಿನಲ್ಲಿ ಇರುತ್ತದೆ. ಹಾಗಾಗಿ ಎರಡು ಇಸಿ ಬೇಕು: ಸರ್ವೆ ನಂಬರಿಗೆ ಕನಿಷ್ಠ 30 ವರ್ಷದ್ದು, ಸೈಟ್ ನಂಬರಿಗೆ ಅದು ಹುಟ್ಟಿದಂದಿನಿಂದ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್ 1ರಿಂದ ಈಚಿನದು ಸಿಗುತ್ತದೆ, ಹಿಂದಿನದಕ್ಕೆ ಕಚೇರಿಗೇ ಹೋಗಬೇಕು.

ಇಸಿಯಲ್ಲಿ ಕಾಣದ್ದೂ ಬಹಳ ಇದೆ. ನೋಂದಣಿಯಾಗದ ಕರಾರು, ಬಾಯಿಮಾತಿನ ವಿಭಾಗ, ನೋಂದಾಯಿಸದ ಉಯಿಲು ಅಲ್ಲಿ ಬರುವುದಿಲ್ಲ. ಮೂಲ ಪತ್ರವನ್ನು ಬ್ಯಾಂಕಿನಲ್ಲಿ ಇಟ್ಟು ಪಡೆದ ಸಾಲವೂ ಕೆಲವೊಮ್ಮೆ ತಪ್ಪಿಹೋಗುತ್ತದೆ. "ಒರಿಜಿನಲ್ ಊರಲ್ಲಿದೆ" ಎಂದು ಬಣ್ಣದ ಜೆರಾಕ್ಸ್ ತೋರಿಸಿದರೆ ಒರಿಜಿನಲ್ ಕೈಗೆ ಸಿಗುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬ್ಯಾಂಕ್ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ (CERSAI) ಜಾಲತಾಣದಲ್ಲಿ ಆ ಸ್ವತ್ತಿನ ಮೇಲೆ ಅಡಮಾನವಿದೆಯೇ ಹುಡುಕಿ. ಮಾರುವವರ ಹೆಸರಿನಲ್ಲಿ ಮೊಕದ್ದಮೆ ಇದೆಯೇ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲೂ ಒಮ್ಮೆ ಹುಡುಕಿ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಆಗ ತಂದೆ ಬದುಕಿದ್ದಿರಬೇಕೆಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮದುವೆಯಾಗಿ ದೂರದ ಊರಿನಲ್ಲಿರುವ ಅಕ್ಕ-ತಂಗಿಯರ ಸಹಿಯೂ ಬೇಕು, ಅದೂ ಬರಿಯ ಸಾಕ್ಷಿಯಾಗಿ ಅಲ್ಲ, ಮಾರಾಟಗಾರರಾಗಿ. ಇದನ್ನು ಕೇಳಲು ಸಂಕೋಚ ಬೇಡ.

ಜಿಪಿಎ (ಮಾಲೀಕರು ಬರೆದುಕೊಟ್ಟ ಅಧಿಕಾರ ಪತ್ರ) ಹಿಡಿದು ಬಂದವರೇ ಮಾಲೀಕರಲ್ಲ. ಜಿಪಿಎ ಮತ್ತು ಕರಾರಿನಿಂದ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬರೆದುಕೊಟ್ಟವರು ಬದುಕಿದ್ದಾರೆಯೇ, ರದ್ದು ಮಾಡಿಲ್ಲವೇ ಎಂಬುದನ್ನು ಅವರನ್ನೇ ಭೇಟಿಯಾಗಿ ಕೇಳಿ.

ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು, ಆಗಿದೆ ಎಂದರೆ ಲೇಔಟ್ ಮಂಜೂರಾಗಿದೆ ಎಂದಲ್ಲ. ಯೋಜನಾ ಪ್ರಾಧಿಕಾರದ ಅನುಮೋದಿತ ನಕ್ಷೆ ಬೇರೆಯೇ ಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಸ್ವತ್ತಿನ ಖಾತಾ ಪತ್ರಗಳಾದ ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟರೆ ಆ ಸೈಟಿಗೆ ಏನೋ ಒಂದು ಅನುಮೋದನೆ ಬಾಕಿ ಇದೆ ಎಂದು ತಿಳಿಯಿರಿ. ಎಂಟಕ್ಕಿಂತ ಹೆಚ್ಚು ಸೈಟುಗಳಿರುವ, 500 ಚದರ ಮೀಟರ್ ಮೀರಿದ ಹೊಸ ಲೇಔಟ್‌ಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಅಂಥಲ್ಲಿ ನೋಂದಾಯಿತ ಕರಾರಿಗೆ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಹಣ ಹೋಗಬೇಕಾದದ್ದು ಪತ್ರದಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೆ, ದಲ್ಲಾಳಿಯ ಖಾತೆಗೆ ಅಲ್ಲ. ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಕರಾರನ್ನು ನೋಂದಾಯಿಸಿ, ಇಲ್ಲದಿದ್ದರೆ ಅದು ಇಸಿಯಲ್ಲಿ ಕಾಣದೆ ಅದೇ ಸೈಟನ್ನು ಇನ್ನೊಬ್ಬರಿಗೆ ಮಾರಲು ದಾರಿಯಾಗುತ್ತದೆ. ಕ್ರಯಪತ್ರಕ್ಕೆ ಹಿಂದಿನ ದಿನ ಮತ್ತೆ ಇಸಿ ತೆಗೆಯಿರಿ. ಕ್ರಯಪತ್ರದ ಕರಡಿನಲ್ಲಿರುವ ಚಕ್ಕುಬಂದಿಯನ್ನು (ನಾಲ್ಕು ಕಡೆಯ ಗಡಿ ವಿವರ) ಹಿಡಿದು ಸ್ಥಳದಲ್ಲಿ ನಿಂತು ನಾಲ್ಕು ದಿಕ್ಕನ್ನೂ ಟೇಪಿನಿಂದ ಅಳೆಯಿರಿ, ಪಕ್ಕದ ಸೈಟಿನವರನ್ನು ಮಾತನಾಡಿಸಿ.

ನೋಂದಣಿಯಾದ ಮೇಲೆ ನಿಮ್ಮ ಹೆಸರು ಬಂದಿರುವ ಹೊಸ ಇಸಿ ತೆಗೆದಿಟ್ಟುಕೊಂಡು ಖಾತಾ ಬದಲಾವಣೆಗೆ ತಡಮಾಡದೆ ಅರ್ಜಿ ಕೊಡಿ. ಅದೇ ವಾರ ನಾಲ್ಕು ಮೂಲೆಗೆ ಕಲ್ಲು ನೆಡಿಸಿ, ಬೇಲಿ ಹಾಕಿಸಿ.