ರೀಡ್ ಲಾಕನ್ನು ಒಡೆದು 16 ಮಾಡಿದೆ: ನನ್ನ ಅನುಭವ

"ಒಂದು ಲಾಕ್ ಸಂಭಾಳಿಸೋಕೇ ಆಗ್ತಿಲ್ಲ, 16 ಇಟ್ಕೊಂಡು ಏನ್ರೀ ಮಾಡ್ತೀರಾ?" ಅಂತ ನಮ್ಮ ಟೀಮಿನ ಹಿರಿಯರು ಕೇಳಿದ್ದರು. ಲಾಕ್ ಅಂದರೆ ಒಂದೇ ಡೇಟಾವನ್ನು ಹಲವು ಥ್ರೆಡ್‌ಗಳು (ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಕೆಲಸಗಳು) ಮುಟ್ಟುವಾಗ ಗೊಂದಲವಾಗದಂತೆ ಹಾಕುವ ಬೀಗ. ಆ ಕೋಡಿನ ಈಗಿನ ರೂಪ ಪ್ರೊಡಕ್ಷನ್‌ಗೆ ಹೋಗಿ ಎಂಟು ತಿಂಗಳಾಯಿತು, ಒಮ್ಮೆಯೂ ಡೆಡ್‌ಲಾಕ್ (ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತಾ ನಿಂತುಬಿಡುವುದು) ಆಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಜಾವಾ ಸರ್ವಿಸ್. ಸುಮಾರು 20 ಜಿಬಿ ದರಪಟ್ಟಿ ಮೆಮೊರಿಯಲ್ಲೇ ಇರುತ್ತದೆ. ಓದುವುದೇ ಹೆಚ್ಚು, ಬರೆಯುವುದು ಅಪರೂಪ. ರೀಎಂಟ್ರಂಟ್‌ರೀಡ್‌ರೈಟ್‌ಲಾಕ್ ಹಾಕಿದ್ದೆವು; ಅದರ ರೀಡ್ ಲಾಕನ್ನು ಓದುವವರು ಹಲವರು ಒಟ್ಟಿಗೆ ಹಿಡಿಯಬಹುದು, ರೈಟ್ ಲಾಕನ್ನು ಬರೆಯುವವರು ಒಬ್ಬರೇ. 32 ಕೋರಿನ ಮಷಿನ್ ತಂದರೂ ಎಂಟು ಕೋರಿನಷ್ಟೇ ಕೆಲಸ. ರೀಡ್ ಲಾಕ್ ಹಿಡಿದವರು ಒಬ್ಬರನ್ನೊಬ್ಬರು ತಡೆಯುವುದಿಲ್ಲ, ನಿಜ. ಆದರೆ ಹಿಡಿಯುವಾಗಲೂ ಬಿಡುವಾಗಲೂ ಎಲ್ಲರೂ ಬದಲಿಸುವುದು ಒಂದೇ 32 ಬಿಟ್ ಸಂಖ್ಯೆಯನ್ನು. ಅದರ ಮೇಲಿನ 16 ಬಿಟ್‌ನಲ್ಲಿ ಓದುತ್ತಿರುವವರ ಲೆಕ್ಕ ಇರುತ್ತದೆ. ಆ ಸಂಖ್ಯೆ ಇರುವ 64 ಬೈಟಿನ ಕ್ಯಾಶ್ ಲೈನ್ (ಕೋರು ಮೆಮೊರಿಯಿಂದ ಒಂದು ಸಲಕ್ಕೆ ತನ್ನ ಹತ್ತಿರ ತಂದುಕೊಳ್ಳುವ ತುಣುಕು) ಕೋರಿನಿಂದ ಕೋರಿಗೆ ಅಲೆಯುತ್ತಲೇ ಇತ್ತು. ನಮ್ಮ ಓದಿಗಿಂತ ಲಾಕಿನ ಖರ್ಚೇ ಜಾಸ್ತಿ.

ಪಟ್ಟಿಯ ನಕಲು ಮಾಡಿ, ನಕಲಿನಲ್ಲಿ ಬರೆದು, ಓದುವವರನ್ನು ಅದರತ್ತ ತಿರುಗಿಸಿ (ರೆಫರೆನ್ಸ್ ಬದಲಿಸಿ) ಅಂದರು ಎಲ್ಲರೂ. ಪಟ್ಟಿ ಚಿಕ್ಕದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. 20 ಜಿಬಿಯನ್ನು ಎರಡೆರಡು ಇಟ್ಟುಕೊಂಡರೆ ಕ್ಲೌಡ್ ಬಿಲ್ ತಿಂಗಳಿಗೆ ಲಕ್ಷದ ಹತ್ತಿರ ಏರುತ್ತಿತ್ತು.

ನಡುವೆ ಜಾವಾದ ಇನ್ನೊಂದು ಲಾಕ್, ಸ್ಟ್ಯಾಂಪ್ಡ್‌ಲಾಕ್, ಅದರ ಹಿಂದೆ ಮೂರು ವಾರ ಹೋಯಿತು. ಅದರ ಆಪ್ಟಿಮಿಸ್ಟಿಕ್ ರೀಡ್ (ಲಾಕ್ ಹಿಡಿಯದೆ ಓದಿ, ನಡುವೆ ಯಾರಾದರೂ ಬರೆದರೇ ಅಂತ ಆಮೇಲೆ ವ್ಯಾಲಿಡೇಟ್ ಮಾಡಿ ನೋಡುವುದು) ಬೆಂಚ್‌ಮಾರ್ಕ್‌ನಲ್ಲಿ ಸೊಗಸಾಗಿ ಓಡಿತು. ಆದರೆ ನಮ್ಮ ದರಪಟ್ಟಿಯ ಒಳಗಿರುವುದು ಹ್ಯಾಶ್‌ಮ್ಯಾಪ್ (ಹೆಸರು ಕೊಟ್ಟರೆ ಬೆಲೆ ಹುಡುಕಿಕೊಡುವ ರಚನೆ). ಅದು ಬದಲಾಗುತ್ತಿರುವಾಗಲೇ ಓದಲು ಹೋದರೆ ವ್ಯಾಲಿಡೇಟ್ ತಲುಪುವ ಮೊದಲೇ ಎಕ್ಸೆಪ್ಷನ್ (ದೋಷ) ಬರುತ್ತಿತ್ತು. ಎರಡು ಮೂರು ಸಂಖ್ಯೆ ಒಟ್ಟಿಗೆ ಓದುವ ಕಡೆ ಸ್ಟ್ಯಾಂಪ್ಡ್‌ಲಾಕನ್ನೇ ಇವತ್ತಿಗೂ ಬಳಸುತ್ತೇನೆ.

ಕೊನೆಗೆ ಮಾಡಿದ್ದು ಇಷ್ಟು: ಅಂಥದ್ದೇ 16 ರೀಡ್‌ರೈಟ್ ಲಾಕುಗಳ ಒಂದು ಅರೇ (ಸಾಲು). ಓದುವ ಥ್ರೆಡ್ ಒಂದನ್ನು ಮಾತ್ರ ಹಿಡಿಯುತ್ತದೆ. ಬರೆಯುವ ಥ್ರೆಡ್ ಸೊನ್ನೆಯಿಂದ 15ರವರೆಗೆ ಕ್ರಮವಾಗಿ ಎಲ್ಲವನ್ನೂ ಹಿಡಿಯುತ್ತದೆ. ಲಿನಕ್ಸ್ ಕರ್ನಲ್ ಬಲ್ಲವರಿಗೆ ಇದು ಹೊಸದಲ್ಲ.

ಮೊದಲ ಸಲ ಓದುವವರಿಗೆ ರ‍್ಯಾಂಡಮ್ ಆಗಿ ಲಾಕ್ ಕೊಟ್ಟೆ. ಎರಡನೇ ದಿನ ರಾತ್ರಿ ಎರಡು ಗಂಟೆಗೆ ಸರ್ವಿಸ್ ನಿಂತಿತು. ಜೆಸ್ಟ್ಯಾಕ್ (ಯಾವ ಥ್ರೆಡ್ ಎಲ್ಲಿ ನಿಂತಿದೆ ಅಂತ ತೋರಿಸುವ ಜಾವಾ ಸಾಧನ) ತೆಗೆದು ನೋಡಿದರೆ, ಬರೆಯುವ ಥ್ರೆಡ್ 0ಯಿಂದ 8 ಹಿಡಿದು 9ಕ್ಕೆ ಕಾಯುತ್ತಿದೆ. 9 ಹಿಡಿದ ಥ್ರೆಡ್, ಒಳಗಿನ ಇನ್ನೊಂದು ಮೆಥಡ್‌ನಿಂದಾಗಿ, 3ಕ್ಕೆ ಕಾಯುತ್ತಿದೆ. ಅರ್ಧ ದಿನದ ಆರ್ಡರ್ ಗಲಿಬಿಲಿ, ಮೂರು ಜನರ ವಾರಾಂತ್ಯ ಹೋಯಿತು. ಆಮೇಲೆ ಒಂದು ಥ್ರೆಡ್‌ಗೆ ಹುಟ್ಟಿನಿಂದ ಸಾಯುವವರೆಗೆ ಒಂದೇ ಲಾಕ್ ಅಂತ ಗಂಟು ಹಾಕಿದೆ. ಅದೇ ಲಾಕನ್ನು ಮತ್ತೆ ಹಿಡಿಯಲು ಅಡ್ಡಿಯಿಲ್ಲವಲ್ಲ. ಥ್ರೆಡ್ ಐಡಿಯನ್ನು 16ರಿಂದ ಭಾಗಿಸಿ ಶೇಷ ತೆಗೆದರೆ ಸಾಕು ಅಂದುಕೊಳ್ಳಬೇಡಿ. ನಮ್ಮಲ್ಲಿ ಅರ್ಧ ಲಾಕುಗಳು ಖಾಲಿ ಕೂತಿದ್ದವು. ಹೇಗೆ ಹಂಚಿದೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಇಷ್ಟಾದರೂ ವೇಗ ಬರಲಿಲ್ಲ. ಒಟ್ಟಿಗೆ ಹುಟ್ಟಿದ ಲಾಕುಗಳು ಮೆಮೊರಿಯಲ್ಲಿ ಅಕ್ಕಪಕ್ಕ ಕೂತು ಒಂದೇ ಕ್ಯಾಶ್ ಲೈನ್ ಹಂಚಿಕೊಂಡಿದ್ದವು. ನಡುವೆ ಜಾಗ ಬಿಟ್ಟ ದಿನ ಗ್ರಾಫ್ ಕಣ್ಣೆದುರೇ ಇಳಿಯಿತು: ಪಿ99 (ನೂರರಲ್ಲಿ 99 ಕೋರಿಕೆಗಳು ಮುಗಿಯುವ ಸಮಯ) ಸುಮಾರು 40 ಮಿಲಿಸೆಕೆಂಡಿನಿಂದ ಆರೇಳಕ್ಕೆ. ಎಂಟು ಮಷಿನ್ ಇದ್ದಲ್ಲಿ ಐದು ಸಾಕಾಯಿತು. ತಿಂಗಳಿಗೆ ತೊಂಬತ್ತು ಸಾವಿರದಷ್ಟು ಉಳಿತಾಯ.

ಬರೆಯುವುದು ಮಾತ್ರ ದುಬಾರಿಯಾಯಿತು, 16 ಲಾಕನ್ನೂ ಹಿಡಿಯಬೇಕಲ್ಲ. ಮೊದಲು ಲಾಕ್ ಹಿಡಿದೇ ಡೇಟಾಬೇಸ್ ಕೇಳುತ್ತಿದ್ದೆವು. ಈಗ ಎಲ್ಲವನ್ನೂ ಹೊರಗೆ ಸಿದ್ಧಮಾಡಿಕೊಂಡು, ಐನೂರು ಐನೂರು ಸಾಲಿನಂತೆ ಒಳಗೆ ಹಾಕುತ್ತೇವೆ. ರೀಡ್ ಲಾಕ್ ಹಿಡಿದಿರುವಾಗಲೇ ರೈಟ್ ಲಾಕ್ ಕೇಳುವ ಕೋಡ್ ಕಂಡರೆ ರಿವ್ಯೂನಲ್ಲೇ ವಾಪಸ್ ಕಳಿಸುತ್ತೇನೆ; ಹಾಗೆ ಕೇಳಿದ ಥ್ರೆಡ್ ತನ್ನನ್ನೇ ತಾನು ಕಾಯುತ್ತಾ ಕೂರುತ್ತದೆ. ಮುಂದಿನ ತಿಂಗಳು 64 ಕೋರಿನ ಮಷಿನ್ ಬರಲಿದೆ, ಅಲ್ಲಿ 32 ಲಾಕ್ ಇಟ್ಟು ನೋಡಬೇಕು.