ಸೆಲ್ ಒಂದು ಸಾಕು, ಉಳಿದ ದುಡ್ಡು ಕಾಗದಕ್ಕೆ: ಅನಿಮೇಷನ್ ಒರಿಜಿನಲ್ ಕೊಳ್ಳುವವರಿಗೆ

ಅನಿಮೇಷನ್ ಒರಿಜಿನಲ್, ಅಂದರೆ ಕಾರ್ಟೂನ್ ಸಿನಿಮಾ ಮಾಡುವಾಗ ಕೈಯಲ್ಲೇ ಬಿಡಿಸಿದ ಮೂಲಚಿತ್ರ, ಕೊಳ್ಳಬೇಕು ಅಂತ ನನ್ನನ್ನು ಕೇಳುವವರೆಲ್ಲ ಶುರು ಮಾಡುವುದೇ ಸೆಲ್‌ನಿಂದ. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಆಸೆಗೆ ಒಂದು ಸೆಲ್ ತಗೊಳ್ಳಿ, ಉಳಿದ ದುಡ್ಡನ್ನು ಕಾಗದದ ಮೇಲೆ, ಅಂದರೆ ಪೆನ್ಸಿಲ್ ಡ್ರಾಯಿಂಗ್ ಹಾಳೆಗಳ ಮೇಲೆ, ಹಾಕಿ ಅಂತೀನಿ. ಬೆಂಗಳೂರಿನ ಟೂ-ಡಿ ಸ್ಟುಡಿಯೊ ಒಂದರಲ್ಲಿ ಕ್ಲೀನಪ್ ಆರ್ಟಿಸ್ಟ್ ಆಗಿ, ಅಂದರೆ ಒರಟು ಚಿತ್ರಕ್ಕೆ ನೀಟಾದ ಗೆರೆ ಎಳೆಯುವವಳಾಗಿ, ಪೆನ್ಸಿಲ್ ಸವೆಸಿದವಳು ನಾನು, ಹಾಗಾಗಿ ಪಕ್ಷಪಾತ ಇದ್ದೇ ಇದೆ. ಆದರೆ ಕಾರಣವೂ ಇದೆ.

ಸೆಲ್ ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮುಂದೆ ಗೆರೆ, ಹಿಂದೆ ಬಣ್ಣ. ಅಮೆರಿಕದ ಅರ್ಲ್ ಹರ್ಡ್ 1914ರಲ್ಲಿ ಈ ವಿಧಾನದ ಪೇಟೆಂಟ್‌ಗೆ ಅರ್ಜಿ ಹಾಕಿದ ಮೇಲೆ ಎಂಟು ದಶಕ ಜಗತ್ತಿನ ಕಾರ್ಟೂನ್‌ಗಳೆಲ್ಲ ಬಹುಪಾಲು ಇದರ ಮೇಲೆಯೇ ನಡೆದವು. ಮೊದಮೊದಲು ಹಾಳೆ ನೈಟ್ರೇಟ್‌ನದು, ಆಮೇಲೆ ಅಸಿಟೇಟ್‌ನದು. ಅಸಿಟೇಟ್‌ಗೆ ಹುಟ್ಟಿನಿಂದಲೇ ಒಂದು ಕಾಯಿಲೆ ಇದೆ. ಶಾಖ ಮತ್ತು ತೇವ ಸೇರಿದರೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲವೇ ಮುಂದಿನ ಒಡೆತವನ್ನು ಇನ್ನಷ್ಟು ಜೋರು ಮಾಡುತ್ತದೆ. ಹಾಳೆ ಕುಗ್ಗಿ ಅಲೆಯಲೆಯಾಗಿ ಏಳುತ್ತದೆ. ಬಣ್ಣ ಅದರ ಜೊತೆ ಕುಗ್ಗುವುದಿಲ್ಲವಾದ್ದರಿಂದ ಸೀಳುಬಿಟ್ಟು ಚಕ್ಕೆ ಏಳುತ್ತದೆ. ಪೊಟ್ಟಣ ಬಿಚ್ಚಿದಾಗ ವಿನೆಗರ್ ವಾಸನೆ ಮೂಗಿಗೆ ಬಡಿಯಿತೋ, ಶುರುವಾಗಿದೆ ಅಂತಲೇ ಲೆಕ್ಕ. ಆ ಸೆಲ್ಲನ್ನು ಕೂಡಲೇ ಬೇರೆಯವುಗಳಿಂದ ದೂರ ಇಡಿ, ಅದರ ಆವಿ ಪಕ್ಕದವನ್ನೂ ಕೆಡಿಸುತ್ತದೆ. ನಿಧಾನ ಮಾಡಬಹುದು, ನಿಲ್ಲಿಸಲಾಗದು. ಒಳ್ಳೆಯ ಕಾಗದಕ್ಕೆ ಈ ಗತಿ ಇಲ್ಲ.

ಎರಡನೆಯ ಕಾರಣ ವ್ಯಾಪಾರದ್ದು. ಡಿಸ್ನಿಯವರ 1989ರ 'ದಿ ಲಿಟ್ಲ್ ಮರ್‌ಮೇಡ್' ಆದಮೇಲೆ, 1990ರ 'ದಿ ರೆಸ್ಕ್ಯೂಯರ್ಸ್ ಡೌನ್ ಅಂಡರ್' ಹೊತ್ತಿಗೆ ಬಣ್ಣ ತುಂಬುವ ಕೆಲಸ ಪೂರ್ತಿ ಕಂಪ್ಯೂಟರ್‌ಗೆ ಹೋಯಿತು. ಆದರೆ ಚಿತ್ರ ಬಿಡಿಸುವುದು ಮಾತ್ರ ಕಾಗದ, ಪೆನ್ಸಿಲ್‌ನಲ್ಲೇ ನಡೆದಿತ್ತು. ಅಂದರೆ 1994ರ 'ದಿ ಲಯನ್ ಕಿಂಗ್'ನ ಒರಿಜಿನಲ್ ಡ್ರಾಯಿಂಗ್ ಸಿಗಬಹುದು, ಅದರ ಪ್ರೊಡಕ್ಷನ್ ಸೆಲ್, ಅಂದರೆ ಸಿನಿಮಾಕ್ಕೆಂದೇ ಕ್ಯಾಮೆರಾದ ಕೆಳಗಿಟ್ಟ ಸೆಲ್, ಅನ್ನುವ ವಸ್ತು ಹುಟ್ಟಲೇ ಇಲ್ಲ. ಯಾರಾದರೂ 'ಸಿಂಬಾ ಪ್ರೊಡಕ್ಷನ್ ಸೆಲ್, ಅಪರೂಪದ್ದು' ಅಂದರೆ ಕೈಮುಗಿದು ಎದ್ದು ಬನ್ನಿ. ಜಪಾನಿನಲ್ಲಿ ಸೆಲ್ ಇನ್ನೂ ಸ್ವಲ್ಪ ಕಾಲ, ಸುಮಾರು 2000ದ ಆಸುಪಾಸಿನವರೆಗೆ ನಡೆಯಿತು. ನಮ್ಮವರೆಲ್ಲ ಹುಡುಕುವ, 1990ರ ದಶಕದ ಶುರುವಿನ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಜಪಾನಿನ ಯುಗೊ ಸಾಕೊ ಅವರ ಪ್ರಯತ್ನದಿಂದ, ನಮ್ಮ ಅನಿಮೇಟರ್ ರಾಮ್ ಮೋಹನ್ ಕೂಡ ಸೇರಿ ಮಾಡಿದ್ದು. ಅದು ಸೆಲ್ ಕಾಲದ್ದು. ಅದರ ಸೆಲ್ ಅಂತ ಹೇಳಿಕೊಂಡು ಬಂದರೆ ಪರೀಕ್ಷಿಸುವುದಕ್ಕೆ ಅರ್ಥವಿದೆ.

ಪರೀಕ್ಷೆ ಹೇಗೆ? ಒಂದು ಭೂತಗನ್ನಡಿ ಇರಲಿ. ಅಂಚಿನಲ್ಲಿ ಪೆಗ್ ತೂತುಗಳಿರಬೇಕು, ಅಂದರೆ ಹಾಳೆ ಜರುಗದಂತೆ ಗೂಟಕ್ಕೆ ಸಿಕ್ಕಿಸುವ ತೂತುಗಳು: ಸಾಮಾನ್ಯವಾಗಿ ನಡುವೆ ಒಂದು ದುಂಡನೆಯದು, ಆಚೀಚೆ ಎರಡು ಉದ್ದನೆಯವು. ಕೆಲವು ಹಳೆಯ ಸೆಲ್‌ಗಳಲ್ಲಿ ಮಾರುವಾಗ ಅಂಚು ಕತ್ತರಿಸಿರುತ್ತಾರೆ, ಹಾಗಾಗಿ ತೂತಿಲ್ಲದ ಮಾತ್ರಕ್ಕೆ ನಕಲಿ ಅನ್ನಬೇಡಿ. ಮೂಲೆಯಲ್ಲಿ ಚಿತ್ರದ ಕ್ರಮಸಂಖ್ಯೆ ಇರುತ್ತದೆ. ಓರೆ ಬೆಳಕಿಗೆ ಹಿಡಿದರೆ ಹಿಂದಿನ ಬಣ್ಣ ಕುಂಚದ ದಪ್ಪ-ತೆಳುವಿನಲ್ಲಿ ಕಾಣಬೇಕು. ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಪ್ರಿಂಟ್. ಬಣ್ಣ ಎಲ್ಲ ಕಡೆ ಒಂದೇ ಮಟ್ಟಸವಾಗಿ, ಮುದ್ರೆ, ಸರ್ಟಿಫಿಕೇಟ್ ಎಲ್ಲ ಜೋರಾಗಿದ್ದರೆ ಅದು ಬಹುಶಃ ಸೆರಿಸೆಲ್: ಮಾರಾಟಕ್ಕೆಂದೇ ಸ್ಕ್ರೀನ್ ಪ್ರಿಂಟ್ ಮಾಡಿದ್ದು, ಕ್ಯಾಮೆರಾದ ಕೆಳಗೆ ಎಂದೂ ಹೋಗದ್ದು. ಚೆಂದಕ್ಕೆ ತಗೊಳ್ಳಿ, ಒರಿಜಿನಲ್ ರೇಟು ಕೊಡಬೇಡಿ.

ಕಾಗದದಲ್ಲಿ ನೋಡಬೇಕಾದ್ದು ಬೇರೆ. ನನ್ನ ಹತ್ತಿರ ಆನೆಯೊಂದು ಕೂರುವ ದೃಶ್ಯದ ಒಂದು ಹಾಳೆ ಇದೆ. ತಳದಲ್ಲಿ ತಿಳಿನೀಲಿ ಪೆನ್ಸಿಲ್‌ನಲ್ಲಿ ಬರೀ ಉಂಡೆಗಳು: ತಲೆ, ಹೊಟ್ಟೆ, ಸೊಂಟ. ಅದರ ಮೇಲೆ ಕಪ್ಪು ಗೆರೆ, ಸೊಂಡಿಲ ಹತ್ತಿರ ಅಳಿಸಿ ಅಳಿಸಿ ಕಾಗದದ ನಾರು ಎದ್ದಿದೆ. ಸಂಖ್ಯೆಗೆ ಸುತ್ತ ವೃತ್ತ ಹಾಕಿದೆ, ಅಂದರೆ ಇದು ಕೀ ಡ್ರಾಯಿಂಗ್, ಮುಖ್ಯ ಭಂಗಿ. ಪಕ್ಕದಲ್ಲಿ ಏಣಿಯಂಥ ಪುಟ್ಟ ಗೀಟುಗಳು: ಮುಂದಿನ ಕೀಗೆ ಹೋಗುವ ದಾರಿಯಲ್ಲಿ ಎಷ್ಟು ಚಿತ್ರ, ಯಾವುದು ಯಾವುದರ ಹತ್ತಿರ ಅಂತ, ನಡುವಿನ ಚಿತ್ರಗಳನ್ನು ಬಿಡಿಸುವ ಇನ್-ಬಿಟ್ವೀನರ್‌ಗೆ ಕೊಟ್ಟ ಸೂಚನೆ. ಈ ಗೀಟು, ಈ ನೀಲಿ, ಈ ಅಳಿಸಿದ ಗುರುತು ಇದ್ದ ಹಾಳೆಗೆ ನಾನು ಹೆಚ್ಚು ಕೊಡುತ್ತೇನೆ. ನೀಟಾದ ಕ್ಲೀನಪ್ ಹಾಳೆ ಗೋಡೆಗೆ ಚೆಂದ, ಆದರೆ ಯೋಚನೆ ನಡೆದಿದ್ದು ಅದರ ಮೇಲಲ್ಲ. ಇಪ್ಪತ್ತು ಸಿನಿಮಾದ ಬಿಡಿ ಹಾಳೆಗಳಿಗಿಂತ ಒಂದೇ ದೃಶ್ಯದ ಸಾಲುಹಾಳೆಗಳು ಮೇಲು. ಯಾಕೆ ಅಂತ ಸ್ಕ್ಯಾನಿಂಗ್‌ಗೆ ಬಂದಾಗ ಹೇಳ್ತೀನಿ.

ಎಲ್ಲಿ ಸಿಗುತ್ತದೆ? ಹೊರಗಿನದಾದರೆ ಹೆರಿಟೇಜ್‌ನಂಥ ಹರಾಜು ಕಂಪನಿಗಳು, ಜಪಾನಿನ ಮಂದರಾಕೆ ಅಂಗಡಿ. ಬೆಲೆಯ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ, ತೆರಿಗೆ ಸೇರಿಸಿಯೇ ಬಿಡ್ ಮಾಡಿ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಕಳಿಸಲು ಹೇಳಿ, ಕೊಳವೆಯಲ್ಲಿ ಸುತ್ತಿ ಬಂದ ಸೆಲ್ ಬಣ್ಣ ಕಳಚಿಕೊಂಡೇ ಬರುತ್ತದೆ. ಸೆಲ್ಲನ್ನು ಏಪ್ರಿಲ್, ಮೇನಲ್ಲಿ ತರಿಸಲೇಬೇಡಿ, ಗೋಡೌನ್‌ನ ಬಿಸಿ ಯಾರ ಕೈಯಲ್ಲೂ ಇಲ್ಲ. ಊರಲ್ಲಾದರೆ ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಗೆ ಬನ್ನಿ. ಅನಿಮೇಷನ್ ಹಾಳೆ ಸಿಗುತ್ತದೆ ಅಂತಲ್ಲ, ಅನಿಮೇಷನ್‌ನಲ್ಲಿ ದುಡಿದ ಕಲಾವಿದರು ಸಿಗುತ್ತಾರೆ ಅಂತ. ಎಂ.ಜಿ. ರಸ್ತೆ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಗೂ ಹೋಗಿ, ಗೆರೆ ನೋಡುವ ಕಣ್ಣು ಪಳಗುತ್ತದೆ. ಇನ್ನು ಹಳೇ ಪೇಪರ್ ಅಂಗಡಿ. ಸ್ಟುಡಿಯೊಗಳು ಕಾಗದ ಬಿಟ್ಟು ಟ್ಯಾಬ್ಲೆಟ್‌ಗೆ ಹೋದಾಗ ಗಂಟುಗಂಟು ಹಾಳೆ ತೂಕಕ್ಕೆ ಹೋಯಿತು. ನಮ್ಮ ಚಾಮರಾಜಪೇಟೆಯ ಅಂಗಡಿಯಣ್ಣ ಇವತ್ತಿಗೂ 'ಮೇಡಂ, ತೂತು ಇರೋ ಪೇಪರ್ ಬಂದೈತೆ' ಅಂತ ಫೋನ್ ಮಾಡುತ್ತಾನೆ. ಮುಕ್ಕಾಲುವಾಸಿ ಆಫೀಸು ಫೈಲಿನ ತೂತು. ಕಲಾವಿದರಿಂದ ಕೊಂಡರೆ, ಹಾಳೆ ಅವರ ಕೈಗೆ ಹೇಗೆ ಬಂತು, ಸ್ಟುಡಿಯೊ ಒಪ್ಪಿ ಕೊಟ್ಟಿದ್ದೇ ಅಂತ ಕೇಳಿ, ಒಂದು ಚೀಟಿ ಬರೆಸಿಕೊಂಡು ಸಹಿ ಹಾಕಿಸಿ.

ಮನೆಗೆ ತಂದ ಮೇಲೆ ನಮ್ಮೂರಿನ ಹವೆಯ ವಿಷಯ. ಹವೆ ತಂಪು ಅಂತ ನಾವು ಬೀಗುತ್ತೇವೆ, ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಎಸ್.ಪಿ. ರಸ್ತೆಯಲ್ಲಿ ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಬೀರುವಿನೊಳಗೆ ಇಡಿ. 40ರಿಂದ 50 ಪರ್ಸೆಂಟ್ ಆಸುಪಾಸಿನಲ್ಲಿರಲಿ, ಮೇಲೇರಿದರೆ ಸಿಲಿಕಾ ಜೆಲ್. ಬಚ್ಚಲುಮನೆಯ ಗೋಡೆಗೆ ಆತುಕೊಂಡ ಬೀರು ಬೇಡ, ಅಟ್ಟವಂತೂ ಬೇಡವೇ ಬೇಡ. ಅಜ್ಜಿ ಕಾಲದ ಅಭ್ಯಾಸಕ್ಕೆ ನುಸಿಗುಳಿಗೆ, ಬೇವಿನ ಸೊಪ್ಪು ಇಡಬೇಡಿ: ಗುಳಿಗೆಯ ಆವಿ ಪ್ಲಾಸ್ಟಿಕ್‌ಗೆ ಒಳ್ಳೆಯದಲ್ಲ, ಸೊಪ್ಪು ಕಲೆ ಮಾಡುತ್ತದೆ. ಹಾಳೆಗಳ ನಡುವೆ ಆಮ್ಲರಹಿತ ಕಾಗದ ಹಾಕಿ ಮಲಗಿಸಿಡಿ. ಕವರ್ ಬೇಕಿದ್ದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್, ಪಿವಿಸಿ ಯಾವ ಕಾರಣಕ್ಕೂ ಬೇಡ. ಸೆಲ್ಲಿಗೆ ಕವರ್‌ನ ಬಾಯಿ ತೆರೆದೇ ಇರಲಿ, ಆವಿ ಹೊರಗೆ ಹೋಗಬೇಕು.

ಫ್ರೇಮ್ ಹಾಕಿಸಲು ಹೋದಾಗ ಪಕ್ಕದಲ್ಲೇ ನಿಂತಿರಿ. 'ಲ್ಯಾಮಿನೇಷನ್ ಮಾಡ್ಬಿಡ್ಲಾ ಮೇಡಂ, ನೂರು ವರ್ಷ ಬರುತ್ತೆ' ಅನ್ನುವುದು ನಮ್ಮೂರಿನ ಎಲ್ಲ ಫ್ರೇಮ್ ಅಂಗಡಿಯ ಮಂತ್ರ. ಅಂಟು, ಶಾಖ ಎರಡೂ ಒಟ್ಟಿಗೆ! ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ರಟ್ಟಿನ ಅಂಚು ಕೊಟ್ಟು ಜಾಗ ಬಿಡಿಸಿ, ಬಿಸಿಲು ಬೀಳದ ಗೋಡೆಗೆ ಹಾಕಿ. ನನ್ನ ಮನೆಯ ಗೋಡೆಯ ಮೇಲಿರುವುದೆಲ್ಲ ಸ್ಕ್ಯಾನ್‌ನ ಪ್ರಿಂಟುಗಳೇ, ಒರಿಜಿನಲ್ ಬೀರುವಿನಲ್ಲಿ.

ಈಗ ಸ್ಕ್ಯಾನಿಂಗ್. ಝೆರಾಕ್ಸ್ ಅಂಗಡಿಯ ಹಾಳೆ ನುಂಗುವ ಯಂತ್ರಕ್ಕೆ ಕೊಡಬೇಡಿ, ಪೆಗ್ ತೂತು ಹರಿಯುತ್ತದೆ. ಚಪ್ಪಟೆ ಗಾಜಿನ ಸ್ಕ್ಯಾನರ್ ಬೇಕು. ತೊಡಕೇನೆಂದರೆ 12 ಫೀಲ್ಡ್ ಅನ್ನುವ ಅಳತೆಯ ಅನಿಮೇಷನ್ ಹಾಳೆ 12.5 ಇಂಚು ಅಗಲ, 10.5 ಇಂಚು ಎತ್ತರ. ಎ4 ಸ್ಕ್ಯಾನರ್ ಮೇಲೆ ಹಿಡಿಸುವುದಿಲ್ಲ. ಎರಡು ತುಂಡಾಗಿ ಸ್ಕ್ಯಾನ್ ಮಾಡಿ ಹೊಂದಿಸಬಹುದು, ಒಂದೆರಡು ಹಾಳೆಗಾದರೆ ಪರವಾಗಿಲ್ಲ. ಸಾಲುಹಾಳೆ ಇದ್ದವರು ನಾಲ್ಕು ಜನ ಸೇರಿಯಾದರೂ ಎ3 ಸ್ಕ್ಯಾನರ್ ನೋಡಿ. ಗಾಜಿನ ಹೊರಗೆ, ಅಂಚಿನ ಚೌಕಟ್ಟಿನ ಮೇಲೆ ಚಪ್ಪಟೆ ಪೆಗ್‌ಬಾರ್ (ಆ ತೂತುಗಳಿಗೆ ಹೊಂದುವ ಗೂಟಗಳ ಪಟ್ಟಿ) ಒಂದನ್ನು ಟೇಪ್ ಹಾಕಿ ಭದ್ರಪಡಿಸಿ. ಪ್ರತಿ ಹಾಳೆಯೂ ಆ ಗೂಟಕ್ಕೇ ಕೂರಬೇಕು. ಆಗ ಎಲ್ಲ ಚಿತ್ರಗಳೂ ಕೂದಲೆಳೆ ಜರುಗದೆ ಒಂದೇ ಜಾಗದಲ್ಲಿ ಬರುತ್ತವೆ.

600 ಡಿಪಿಐ ಇಡಿ. ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಪ್ಪು-ಬಿಳುಪಿನಲ್ಲಿ ಆ ನೀಲಿಯೂ ಬೂದುಬಣ್ಣವಾಗಿ ಕಪ್ಪು ಗೆರೆಯಲ್ಲಿ ಬೆರೆತುಹೋಗುತ್ತದೆ. ಆಟೊ ಕರೆಕ್ಷನ್, ಶಾರ್ಪನಿಂಗ್, ಧೂಳು ತೆಗೆಯುವುದು, ಎಲ್ಲ ಆಫ್. ಆಟೊ ಅನ್ನುವ ಮಹಾಶಯ ತಿಳಿನೀಲಿಯನ್ನು ಕೊಳೆ ಅಂದುಕೊಂಡು ಒರೆಸಿಹಾಕುತ್ತಾನೆ. ಈ ಲೆಕ್ಕದಲ್ಲಿ ಒಂದು ಪೂರ್ತಿ ಹಾಳೆ 7500ಕ್ಕೆ 6300 ಪಿಕ್ಸೆಲ್, ಸುಮಾರು 142 ಎಂಬಿಯ ಟಿಫ್ ಫೈಲ್. ಹೆದರಬೇಡಿ, ಡಿಸ್ಕ್ ಅಗ್ಗ, ಹಾಳೆ ಎರಡನೆಯದು ಇಲ್ಲ. ಟಿಫ್ ಮಾಸ್ಟರ್, ಅಂದರೆ ಈ ಮೂಲ ಫೈಲನ್ನು, ಮುಟ್ಟಬಾರದು. ಬೆರಳಚ್ಚು, ಟೀ ಕಲೆ, ಮೂಲೆಯ ಗೀಚು ಎಲ್ಲ ಅದರಲ್ಲಿರಲಿ. ತೊಳೆದು ಚೆಂದ ಮಾಡುವುದು, ವಾಟ್ಸಾಪ್‌ಗೆ ಕಳಿಸುವುದು ಎಲ್ಲ ಜೆಪೆಗ್ ನಕಲಿನಲ್ಲಿ.

ಸೆಲ್‌ಗೆ ಬೇರೆ ದಾರಿ. ತೆಳ್ಳನೆಯ ಅಗ್ಗದ ಸ್ಕ್ಯಾನರ್‌ಗಳದು ಸಿಐಎಸ್ ಸೆನ್ಸರ್, ಗಾಜಿಗೆ ಅಂಟಿದ್ದಷ್ಟೇ ಅದಕ್ಕೆ ಸ್ಪಷ್ಟ. ಅಲೆಯೆದ್ದ ಸೆಲ್ ಮಸುಕಾಗುತ್ತದೆ. ಸಿಸಿಡಿ ಅನ್ನುವ ಇನ್ನೊಂದು ಬಗೆಯ ಸೆನ್ಸರ್‌ನದು ವಾಸಿ. ಬಣ್ಣ ಅಂಟಂಟಾಗಿದ್ದರೆ ಗಾಜಿನ ಮೇಲೆ ಇಡಲೇಬೇಡಿ. ಕ್ಯಾಮೆರಾವನ್ನು ನೇರ ಮೇಲೆ ನಿಲ್ಲಿಸಿ, ಎರಡು ದೀಪ ಆಚೀಚೆ 45 ಡಿಗ್ರಿಯಲ್ಲಿಟ್ಟು, ಪ್ರತಿಬಿಂಬ ಬೀಳದಂತೆ ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಕಟ್ಟಿ ಫೋಟೊ ತೆಗೆಯಿರಿ. ಪಕ್ಕದಲ್ಲಿ ಬಣ್ಣ ತಾಳೆ ನೋಡಲು ಕಲರ್ ಚಾರ್ಟ್ ಇರಲಿ. ಹಿಂಭಾಗವನ್ನೂ ತೆಗೆಯಿರಿ. ಜಪಾನಿನ ಸೆಲ್‌ಗೆ ಎಷ್ಟೋ ಸಲ ಅದರ ಡ್ರಾಯಿಂಗ್ ಅಂಟಿಕೊಂಡೇ ಬರುತ್ತದೆ, ಎಳೆಯಬೇಡಿ. ಹಾಗೇ ಫೋಟೊ ತೆಗೆದು ಹಾಗೇ ಇಡಿ.

ಸಾಲುಹಾಳೆ ಯಾಕೆ ಅಂದೆನಲ್ಲ. ಸ್ಕ್ಯಾನ್‌ಗಳನ್ನು ಕ್ರಮವಾಗಿ ಯಾವುದಾದರೂ ವಿಡಿಯೊ ಸಾಫ್ಟ್‌ವೇರ್‌ಗೆ ಹಾಕಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರಕ್ಕೆ ಎರಡು ಫ್ರೇಮ್ ಕೊಟ್ಟರೆ ಸೆಕೆಂಡಿಗೆ 12 ಹಾಳೆ. ಓಡಿಸಿ. ಆ ಆನೆ ಕೂರುತ್ತದೆ: ಮೊದಲು ಸೊಂಟ ಕುಸಿಯುತ್ತದೆ, ತಲೆ ಆಮೇಲೆ ಬರುತ್ತದೆ, ತಲೆ ನಿಂತು ಎರಡು ಚಿತ್ರ ಕಳೆದ ಮೇಲೂ ಕಿವಿ ಇನ್ನೂ ಇಳಿಯುತ್ತಿರುತ್ತದೆ. ಬಿಡಿ ಹಾಳೆಯಲ್ಲಿ ಈ ತಡವಾಗಿ ಬರುವ ಕಿವಿ ಯಾವ ಕಣ್ಣಿಗೂ ಕಾಣದು. ಬೀರುವಿನಲ್ಲಿ ಮಲಗಿದ ಒರಿಜಿನಲ್‌ನಿಂದ ಇದನ್ನು ಪಡೆಯಲು ಪ್ರತಿ ಸಲ ಹಾಳೆ ತಿರುವಬೇಕು, ತಿರುವಿದಷ್ಟೂ ಅಂಚು ಸವೆಯುತ್ತದೆ. ಡಿಜಿಟಲ್ ಪ್ರತಿ ಇರುವುದು ಕಳೆದುಹೋದರೆ ಅನ್ನುವ ಭಯಕ್ಕೆ ಮಾತ್ರ ಅಲ್ಲ.

ಫೈಲಿನ ಹೆಸರಲ್ಲೇ ಸಿನಿಮಾ, ದೃಶ್ಯ, ಹಾಳೆ ಸಂಖ್ಯೆ, ಮುಂದೆಯೋ ಹಿಂದೆಯೋ ಎಲ್ಲ ಇರಲಿ. ಎಕ್ಸೆಲ್‌ನಲ್ಲಿ ಕೊಂಡ ಬೆಲೆ, ಮಾರಿದವರು, ಅಳತೆ, ಹಾಳೆಯ ಸ್ಥಿತಿ ಬರೆದಿಡಿ. ಒಟ್ಟು ಮೂರು ಪ್ರತಿ ಇರಲಿ: ಮನೆಯ ಡಿಸ್ಕ್ ಒಂದು, ಕ್ಲೌಡ್ ಒಂದು, ಇನ್ನೊಂದು ಡಿಸ್ಕ್ ಬೇರೆ ಊರಲ್ಲಿ. ನನ್ನದು ಮೈಸೂರಿನ ತಂಗಿಯ ಮನೆಯ ಬೀರುವಿನಲ್ಲಿ, ಅವಳ ರೇಷ್ಮೆ ಸೀರೆಗಳ ಪಕ್ಕ ರಾಜಮರ್ಯಾದೆಯಿಂದ ಇದೆ. ಪೆನ್‌ಡ್ರೈವ್ ಇದಕ್ಕಲ್ಲ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿದರೆ, ಸದ್ದಿಲ್ಲದೆ ಕೆಟ್ಟ ಫೈಲ್ ಸಿಕ್ಕಿಬೀಳುತ್ತದೆ. ನಾನು ಇದನ್ನು ಆಯುಧಪೂಜೆ ದಿನ ಮಾಡುತ್ತೇನೆ. ಸ್ಕ್ಯಾನರ್‌ಗೂ ಕುಂಕುಮ ಬೀಳುತ್ತದೆ, ಗಾಜಿಗೆ ಮಾತ್ರ ಬೇಡ.

ಹಾಳೆ ನಿಮ್ಮದಾದರೂ ಕಾಪಿರೈಟ್ ನಿಮ್ಮದಲ್ಲ. ನಮ್ಮ 1957ರ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮೇಲೆ 60 ವರ್ಷ, ಚಿತ್ರಕಲೆಯದು ಕಲಾವಿದ ತೀರಿಕೊಂಡ ಮೇಲೆ 60 ವರ್ಷ. ನಿಮ್ಮ ಸ್ಕ್ಯಾನ್ ನಿಮ್ಮ ದಾಖಲೆಗೆ, ಅಭ್ಯಾಸಕ್ಕೆ. ಟೀಶರ್ಟ್, ಮಗ್ಗು, ಪೋಸ್ಟರ್ ಅಂತ ಹೊರಟರೆ ಸ್ಟುಡಿಯೊದ ಲಿಖಿತ ಒಪ್ಪಿಗೆ ಬೇಕು. ಯಾವುದಾದರೂ ಕಾಲೇಜಿನವರು ಪ್ರದರ್ಶನಕ್ಕೆ ಕೇಳಿದರೂ ಅಷ್ಟೆ, ಮೊದಲು ಹಕ್ಕಿನ ಮಾತು ಮುಗಿಸಿಕೊಳ್ಳಿ. ಆಮೇಲೂ ಒರಿಜಿನಲ್ ಬದಲು ಒಳ್ಳೆಯ ಪ್ರಿಂಟ್ ಕಳಿಸಿ, ಕೆಳಗೆ ಕಲಾವಿದರ ಹೆಸರು ಗೊತ್ತಿದ್ದರೆ ಅದನ್ನೂ ಹಾಕಿಸಿ.