ಬಾಟಲಿಗೆ ಬೀಳದ ಹೆಣ್ಣು ನೊಣ: ಮಾವಿನ ತೋಟದ ನನ್ನ ಅನುಭವ

ವಾಸನೆಯ ಆಸೆ ತೋರಿಸಿ ಹಿಡಿಯುವ ಮೋಹಕ ಬಲೆಯ ಬಾಟಲಿ ತುಂಬ ಊಜಿ ನೊಣ, ಅಂದರೆ ಹಣ್ಣಿನ ನೊಣ, ಬಿದ್ದಿದ್ದರೆ ನೋಡೋಕೆ ಖುಷಿ. ಆದರೆ ಒಂದು ಸಲ ಅದನ್ನು ಬಿಳಿ ಹಾಳೆ ಮೇಲೆ ಸುರಿದು, ಭೂತಗನ್ನಡಿ ಹಿಡಿದು ನೋಡಿ. ಹೊಟ್ಟೆಯ ತುದಿ ಮೊಂಡಾಗಿದ್ದರೆ ಗಂಡು, ಚೂಪಾಗಿದ್ದರೆ ಹೆಣ್ಣು. ನನ್ನ ಬಾಟಲಿಗಳಲ್ಲಿ ಚೂಪು ತುದಿಯದು ಹುಡುಕಿದರೂ ಸಿಗುವುದು ಅಪರೂಪ. ಕಾಯಿಗೆ ಚುಚ್ಚಿ ಮೊಟ್ಟೆ ಇಡುವುದು ಮಾತ್ರ ಅದೇ.

ನಮ್ಮದು ಶ್ರೀನಿವಾಸಪುರದ ಕಡೆ. ಬಾದಾಮಿ, ತೋತಾಪುರಿ, ಕೊನೆಗೆ ನೀಲಂ. ಬಲೆ ಕಟ್ಟುವುದನ್ನು ಎಲ್ಲರ ಹಾಗೆ ನಾನೂ ಶುರು ಮಾಡಿದೆ. ಪಕ್ಕದ ತೋಟದವರು ಒಂದು ದಿನ ಬೇಲಿ ಆಚೆ ನಿಂತು ಕೇಳಿದರು: "ಏನಣ್ಣಾ, ಬಾಟ್ಲಿ ತುಂಬಾ ನೊಣ ಬಿದ್ದವೆ, ಹಣ್ಣಲ್ಲಿ ಹುಳ ಮಾತ್ರ ಹೋಗಿಲ್ವಲ್ಲಾ?" ಸರಿಯಾದ ಪ್ರಶ್ನೆ. ಉತ್ತರ ಬೇಕು ಅಂದರೆ ನೊಣಕ್ಕೆ ವಾಸನೆ ಹೇಗೆ ಗೊತ್ತಾಗುತ್ತೆ, ರುಚಿ ಎಲ್ಲಿಂದ ಗೊತ್ತಾಗುತ್ತೆ ಅಂತ ತಿಳಿಯಬೇಕಿತ್ತು. ಓದಿದೆ, ಕೇಳಿದೆ, ಅದಕ್ಕಿಂತ ಜಾಸ್ತಿ ಸುಮ್ನೆ ಕೂತು ನೋಡಿದೆ.

ಮೊದಲು ವಾಸನೆ. ಬಲೆಯೊಳಗೆ ಇರುವುದು ಮೀಥೈಲ್ ಯುಜಿನಾಲ್. ನಮಗೆ ಲವಂಗದ ಹಾಗೆ ಸಣ್ಣಗೆ ಘಮ್ಮೆನ್ನುತ್ತೆ. ಇದು ಹೆಣ್ಣು ನೊಣದ ವಾಸನೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅಲ್ಲ, ಇದು ಗಿಡಗಳ ವಾಸನೆ. ಕೆಲವು ತುಳಸಿಯಲ್ಲೂ ಇರುತ್ತೆ. ಒಂದು ಹಿಡಿ ತುಳಸಿ ಎಲೆ ಅರೆದು ತೋಟದಲ್ಲಿ ತಟ್ಟೆಯಲ್ಲಿಟ್ಟು ನೋಡಿದ್ದೇನೆ. ಗಂಡು ನೊಣಗಳು ಗಾಳಿಗೆ ಎದುರಾಗಿ, ಅತ್ತಿತ್ತ ಹೊಯ್ದಾಡುತ್ತ ಬಂದು ಕೂರುತ್ತವೆ. ಕೂತು ಸುಮ್ಮನಿರುವುದಿಲ್ಲ. ಬಾಯಿಯ ಸೊಂಡಿಲು ಕೆಳಗಿಳಿಸಿ ನೆಕ್ಕುತ್ತವೆ. ಬೆರಳು ಹತ್ತಿರ ತಂದರೂ ಎದ್ದು ಹೋಗುವುದಿಲ್ಲ. ಹಣ್ಣಿನ ಮೇಲಿದ್ದರೆ ಅದೇ ನೊಣ ನಮ್ಮ ನೆರಳು ಬಿದ್ದರೂ ಹಾರುತ್ತೆ!

ಅಷ್ಟು ಆಸೆ ಯಾಕೆ ಅಂದರೆ, ನೆಕ್ಕಿದ್ದನ್ನು ಗಂಡು ತನ್ನ ಮೈಯಲ್ಲಿ ಬೇರೆ ರೂಪಕ್ಕೆ ತಿರುಗಿಸಿ ಹಿಂಭಾಗದ ಗ್ರಂಥಿಯಲ್ಲಿ ತುಂಬಿಟ್ಟುಕೊಳ್ಳುತ್ತೆ. ಸಂಜೆ ಮಬ್ಬಾಗುವಾಗ ರೆಕ್ಕೆ ಬಡಿದು ಆ ವಾಸನೆ ಬಿಡುತ್ತೆ. ಹೆಣ್ಣು ಅಂಥ ಗಂಡನ್ನೇ ಹೆಚ್ಚು ಒಪ್ಪುತ್ತೆ. ಅಂದರೆ ಗಂಡು ಬಾಟಲಿಗೆ ಬರುವುದು ಒಂಥರಾ ಅತ್ತರು ಕೊಳ್ಳೋಕೆ. ಆ ಅಂಗಡಿಯಲ್ಲಿ ಹೆಣ್ಣಿಗೆ ಕೆಲಸವಿಲ್ಲ.

ಇದು ಮೊದಲು ಗೊತ್ತಾಗಿದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಹೌಲೆಟ್, ಸಿಟ್ರೊನೆಲ್ಲಾ ಎಂಬ ಹುಲ್ಲಿನ ಎಣ್ಣೆಗೆ ಹಣ್ಣಿನ ನೊಣ ಮುತ್ತುವುದನ್ನು 1912ರಲ್ಲಿ ಬರೆದ. ಅದರೊಳಗಿನ ಮೀಥೈಲ್ ಯುಜಿನಾಲೇ ಕಾರಣ ಅಂತ 1915ರಲ್ಲಿ ಹೇಳಿದ. ಮುಂದೆ 1960ರ ದಶಕದಲ್ಲಿ ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಇದನ್ನು ವಿಷದ ಜೊತೆ ಹಲಗೆಯ ಚೂರುಗಳಿಗೆ ಹೀರಿಸಿ, ವಿಮಾನದಿಂದ ಉದುರಿಸಿ, ಈ ನೊಣವನ್ನೇ ಇಲ್ಲವಾಗಿಸಿದರು. ಆದರೆ ಅದು ದ್ವೀಪ. ಸುತ್ತ ಸಮುದ್ರ. ನಮಗೆ ಸುತ್ತ ಪಕ್ಕದವರ ತೋಟ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತೆ. ಹಾಗಾಗಿ ಹೆಚ್ಚುಕಡಿಮೆ ಎಲ್ಲ ಗಂಡುಗಳೂ ಹೋದರೆ ಮಾತ್ರ ಲಾಭ. ಅರ್ಧ ಹಿಡಿದರೆ ಉಳಿದರ್ಧ ಕೆಲಸ ಮುಗಿಸುತ್ತವೆ. ಇದನ್ನು ಹೇಳಿದ ಮೇಲೆ ಬೇಲಿ ಆಚೆಯವರೂ ಬಲೆ ಕಟ್ಟಿದರು. ಬದಲಾವಣೆ ಕಾಣೋಕೆ ಶುರುವಾಗಿದ್ದೇ ಆಮೇಲೆ.

ಬಲೆ ಕಟ್ಟುವ ವಿಷಯ ಇಷ್ಟೇ. ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮೊದಲೇ ಕಟ್ಟಬೇಕು. ಐದು ಸೆಂಟಿಮೀಟರ್ ಚೌಕದ ಪ್ಲೈವುಡ್ ತುಂಡನ್ನು ಎಥನಾಲ್, ಮೀಥೈಲ್ ಯುಜಿನಾಲ್, ಮೆಲಾಥಿಯಾನ್ 6:4:1ರ ಪ್ರಮಾಣದಲ್ಲಿ ಬೆರೆಸಿದ್ದರಲ್ಲಿ ನೆನೆಸುತ್ತಾರೆ. ನಾನು ರೆಡಿ ತುಂಡನ್ನೇ ತರುತ್ತೇನೆ, ವಿಷದ ಜೊತೆ ಮನೆಯಲ್ಲಿ ಆಟ ಬೇಡ. ನೆರಳಲ್ಲಿ, ಎದೆಯೆತ್ತರಕ್ಕೆ, ಗಾಳಿ ಆಡುವ ಕಡೆ ಕಟ್ಟಿ. ಬಿಸಿಲಿಗೆ ಕಟ್ಟಿದರೆ ಬೇಗ ಆವಿಯಾಗಿ ಹೋಗುತ್ತೆ. ತುಂಡು ಮುಟ್ಟಿದ ಕೈಯಲ್ಲಿ ಬಾಟಲಿಯ ಹೊರಗಡೆ ಮುಟ್ಟಬೇಡಿ. ಮುಟ್ಟಿದರೆ ನೊಣ ಹೊರಗಡೆಯೇ ಕೂತು ನೆಕ್ಕುತ್ತಿರುತ್ತೆ, ಒಳಗೆ ಹೋಗುವುದಿಲ್ಲ. ತಂತಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಇರುವೆ ಬಂದು ಸತ್ತ ನೊಣ ಹೊತ್ತುಕೊಂಡು ಹೋಗಿ ಲೆಕ್ಕವೇ ಸಿಗುವುದಿಲ್ಲ. ಹಾಗಲ, ಹೀರೆ ಬಳ್ಳಿಗೆ ಈ ತುಂಡು ಕಟ್ಟಿ ಪ್ರಯೋಜನ ಇಲ್ಲ. ಅಲ್ಲಿ ಬರುವ ನೊಣ ಬೇರೆ, ಅದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ಆಮಿಷ ಬೇಕು. ಅಂಗಡಿಯಲ್ಲಿ ಕೇಳುವಾಗ ಬೆಳೆ ಹೆಸರು ಹೇಳಿ.

ಈಗ ಹೆಣ್ಣಿನ ವಿಷಯ. ಅದಕ್ಕೂ ಮೂಗು ಇದೆ, ಅಂದರೆ ಮುಖದ ಮೇಲಿನ ಎರಡು ಗಿಡ್ಡ ಮೀಸೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು, ಆ ಕೂದಲುಗಳ ಮೈಯೆಲ್ಲ ರಂಧ್ರ. ಗಾಳಿಯಲ್ಲಿ ಬಂದ ವಾಸನೆಯ ಕಣ ಒಳಗಿನ ದ್ರವಕ್ಕೆ ಇಳಿದು ನರಕ್ಕೆ ತಾಗುತ್ತೆ. ಗಂಡಿಗೂ ಇದೇ ಏರ್ಪಾಡು, ಆದರೆ ಹೆಣ್ಣು ಹುಡುಕುವ ವಾಸನೆ ಬೇರೆ. ಹಣ್ಣಾಗುತ್ತಿರುವ ಮಾವಿನಿಂದ ಹೊರಡುವ ಗಾಮಾ-ಆಕ್ಟಲ್ಯಾಕ್ಟೋನ್ ಎಂಬ ವಸ್ತು ಮೊಟ್ಟೆ ಇಡುವ ಹೆಣ್ಣನ್ನು ಸೆಳೆಯುತ್ತೆ ಅಂತ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 2014ರಲ್ಲಿ ತೋರಿಸಿದ್ದಾರೆ. ಮಾವನ್ನೇ ಕಂಡಿರದ ಹೆಣ್ಣೂ ಅದಕ್ಕೆ ಬರುತ್ತಂತೆ. ಹಾಗಾದರೆ ನಮ್ಮ ತೋಟದಲ್ಲಿ ಬಿದ್ದು ಕೊಳೆಯುವ ಹಣ್ಣು ಏನು ಮಾಡುತ್ತಿದೆ ಯೋಚಿಸಿ. ನಾವು ಆಮಿಷ ಕೊಡಬೇಕಾಗಿಯೇ ಇಲ್ಲ, ಮರದ ಬುಡವೇ ಕರೆಯುತ್ತಿರುತ್ತೆ.

ಹಣ್ಣಿನ ಮೇಲೆ ಕೂತ ಮೇಲೆ ರುಚಿಯ ಕೆಲಸ. ಇದನ್ನು ಮನೆಯಲ್ಲೇ ನೋಡಬಹುದು, ಮನೆ ನೊಣವಾದರೂ ಸಾಕು. ನೊಣದ ಎರಡೂ ರೆಕ್ಕೆ ಸೇರಿಸಿ ಬಟ್ಟೆ ಕ್ಲಿಪ್ಪಿಗೆ ಸಿಗಿಸಿ. ಮೊದಲು ಬರೀ ನೀರು ಕುಡಿಸಿ, ಬಾಯಾರಿಕೆ ಇದ್ದರೆ ಪರೀಕ್ಷೆ ಕೆಡುತ್ತೆ. ಸಾಕಾದ ಮೇಲೆ ಮುಂಗಾಲಿನ ತುದಿಯನ್ನು ಮತ್ತೆ ನೀರಿಗೆ ತಾಗಿಸಿ. ಏನೂ ಆಗುವುದಿಲ್ಲ. ಈಗ ಬೆಲ್ಲದ ನೀರಿಗೆ ತಾಗಿಸಿ. ಬಾಯಿ ಇನ್ನೂ ದೂರದಲ್ಲೇ ಇದೆ, ಆದರೆ ಸೊಂಡಿಲು ಸರಕ್ಕನೆ ಕೆಳಗೆ ಚಾಚುತ್ತೆ. ಅದೇ ಬೆಲ್ಲದ ನೀರಿಗೆ ಚೆನ್ನಾಗಿ ಉಪ್ಪು ಬೆರೆಸಿ ಇನ್ನೊಂದು ಸಲ ತಾಗಿಸಿ. ಬಾಯಿ ಹಾಕೋಕೆ ಹಿಂದೆಮುಂದೆ ನೋಡುತ್ತೆ, ಸುಮಾರು ಸಲ ಸೊಂಡಿಲು ಚಾಚುವುದೇ ಇಲ್ಲ. ಕಾಲಿನ ಕೂದಲಲ್ಲೇ ರುಚಿ ಗೊತ್ತಾಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ವಾಸನೆಯ ಕೂದಲಿಗೆ ಮೈತುಂಬ ರಂಧ್ರ ಇದ್ದರೆ ರುಚಿಯ ಕೂದಲಿಗೆ ತುದಿಯಲ್ಲಿ ಒಂದೇ. ವಾಸನೆ ಗಾಳಿಯಲ್ಲಿ ಬರುತ್ತೆ, ರುಚಿ ಮುಟ್ಟಿದರೆ ಮಾತ್ರ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಕಟ್ಟಿದ ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರಾಡ್ರಿಗ್ಸ್ 1970ರ ದಶಕದಲ್ಲೇ ಮುಂಬೈಯಲ್ಲಿ ಇದರ ಹಿಂದೆ ಬಿದ್ದಿದ್ದರು. ರುಚಿ, ವಾಸನೆ ಸರಿಯಾಗಿ ಗೊತ್ತಾಗದ ನೊಣಗಳನ್ನು ಹುಡುಕಿ, ಯಾವ ಜೀನ್ ಕೆಟ್ಟಿದೆ ಅಂತ ನೋಡುತ್ತಿದ್ದರು.

ಇದು ಗೊತ್ತಾದ ಮೇಲೆ ಹೆಣ್ಣಿಗೆ ಬೇರೆ ಊಟವನ್ನೇ ಇಟ್ಟೆ. ಮೊಟ್ಟೆ ಬಲಿಯಬೇಕಾದರೆ ಅದಕ್ಕೆ ಪ್ರೋಟೀನ್ ಬೇಕು, ಹಾರಾಡೋಕೆ ಸಿಹಿ ಬೇಕು. ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ಚೂರು ಯೀಸ್ಟ್ ಹಾಕಿ ಹುಳಿ ವಾಸನೆ ಬರಿಸಿ, ಇಲಾಖೆಯವರು ಹೇಳಿದ ಕೀಟನಾಶಕವನ್ನು ಹೇಳಿದ ಪ್ರಮಾಣದಲ್ಲೇ ಬೆರೆಸುತ್ತೇನೆ. ಇಡೀ ಮರಕ್ಕೆ ಸಿಂಪಡಿಸುವುದಿಲ್ಲ. ಕಾಂಡದ ಮೇಲೆ ಅಲ್ಲಲ್ಲಿ ಪಟ್ಟೆ ಬಳಿದರೆ ಸಾಕು. ಹುಳಿ ವಾಸನೆಗೆ ಬರುತ್ತೆ, ಕಾಲಿಗೆ ಸಿಹಿ ತಾಗುತ್ತೆ, ಬಾಯಿ ಹಾಕುತ್ತೆ. ಗಂಡೂ ಬರುತ್ತೆ, ಬರಲಿ. ಮಳೆ ಬಂದರೆ ತೊಳೆದುಹೋಗುತ್ತೆ, ಮತ್ತೆ ಬಳಿಯಬೇಕು. ಇದೊಂದು ಕಿರಿಕಿರಿ.

ಮಳೆಗಾಲಕ್ಕೆ ಬರುವ ನೀಲಂಗೇ ಕಾಟ ಜಾಸ್ತಿ. ಆಗ ನನ್ನ ಮೊದಲ ಕೆಲಸ ಬಾಟಲಿ ನೋಡುವುದಲ್ಲ, ಬುಟ್ಟಿ ಹಿಡಿದು ಬಿದ್ದ ಹಣ್ಣು ಆಯುವುದು. ಅದರೊಳಗಿನ ಹುಳ ಹೊರಗೆ ಬಂದು ಮಣ್ಣಿಗಿಳಿದು ಕೋಶವಾಗುವ ಮೊದಲೇ ಆಯಬೇಕು. ಆಯ್ದದ್ದನ್ನು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಿಸಿಲಿಗೆ ಹಾಕುತ್ತೇನೆ. ಬುಡದ ಮಣ್ಣನ್ನು ಮೇಲುಮೇಲೆ ಕೆದಕುತ್ತೇನೆ. ಕೋಶಗಳು ಮೇಲೆ ಬಂದರೆ ಮೈನಾಗಳು ಕಾದು ಕೂತಿರುತ್ತವೆ. ಬೆಲ್ಲದ ಪಟ್ಟೆ, ಬಾಟಲಿ ಎಲ್ಲ ಇದರ ಆಮೇಲೆ.